ತೂತಿನ ಕಲ್ಲಿನ ಮೇಲೆ ಕೂತು ಚಿತ್ರಾನ್ನ

ವೇಲ್ಸ್‌ನ ಕಾರ್ಡಿಫ್‌ಗೆ ಬಂದು ಹನ್ನೊಂದು ವರ್ಷ ಆಯಿತು. ಬಿಸಿಲು ಬಿದ್ದ ಭಾನುವಾರ ಇಲ್ಲಿ ಯಾರೂ ಮನೆಯಲ್ಲಿ ಕೂರಲ್ಲ, ನಾನೂ ಕೂರಲ್ಲ. ಕಳೆದ ತಿಂಗಳು ರೈಲು ಹತ್ತಿ ಕ್ವೇಕರ್ಸ್ ಯಾರ್ಡ್‌ನಲ್ಲಿ ಇಳಿದು, ಟ್ಯಾಫ್ ನದಿ ಪಕ್ಕದ ಕಾಲುದಾರಿಯಲ್ಲಿ ಮರ್ಥರ್ ಕಡೆಗೆ ಹೊರಟೆ. ಹಸಿವಾಯಿತು. ದಾರಿ ಅಂಚಿನ ಚಪ್ಪಟೆ ಕಲ್ಲಿನ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದೆ.

ನಾಯಿ ಜೊತೆ ಬಂದ ಮುದುಕರೊಬ್ಬರು ನಿಂತರು. ಮೊದಲು ಬಿಸಿಲಿನ ಮಾತು. ಆಮೇಲೆ ಮೆಲ್ಲಗೆ, ತಪ್ಪು ತಿಳೀಬೇಡಿ ಅನ್ನೋ ದನಿಯಲ್ಲಿ, ನೀವು ಕೂತಿರೋ ಕಲ್ಲಿಗೆ ಇನ್ನೂರು ವರ್ಷ ಆಗಿದೆ ಅಂದರು. ಗೊತ್ತಿಲ್ಲದೆ ನಾಗರಕಲ್ಲಿನ ಮೇಲೆ ಕೂತವನ ಹಾಗೆ ತಟ್ಟನೆ ಎದ್ದೆ.

ಬಗ್ಗಿ ನೋಡಿದರೆ ಕಲ್ಲಿನಲ್ಲಿ ಒಂದು ತೂತು. ಹೆಬ್ಬೆಟ್ಟು ಇಳಿಯುತ್ತೆ. ಒಳಗೆ ಮಳೆನೀರು, ಒಂದು ಎಲೆ. ಆ ತೂತಿಗೆ ಮರದ ಗೂಟ ಬಡಿದು, ಗೂಟಕ್ಕೆ ಮೊಳೆ ಹೊಡೆದು, ಎರಕದ ಕಬ್ಬಿಣದ ಹಳಿ ಕೂರಿಸುತ್ತಿದ್ದರಂತೆ. ಗಾಡಿ ಎಳೆಯೋದು ಕುದುರೆ. ಅದು ಹಳಿಗಳ ನಡುವೆ ನಡೆಯಬೇಕಲ್ಲ, ಅಡ್ಡ ದಿಮ್ಮಿ ಹಾಕಿದರೆ ಎಡವುತ್ತೆ. ಅದಕ್ಕೇ ಎಡಕ್ಕೊಂದು ಸಾಲು ಕಲ್ಲು, ಬಲಕ್ಕೊಂದು ಸಾಲು. ಅದೇ ಸಾಲು ಇವತ್ತಿಗೂ ದಾರಿಯಲ್ಲಿ ಅಲ್ಲಲ್ಲಿ ತಲೆ ಎತ್ತಿದೆ.

ಇದು 1802ರ ಟ್ರಾಮ್ ದಾರಿ. ಮರ್ಥರ್‌ನ ಕಾರ್ಖಾನೆಗಳ ಕಬ್ಬಿಣವನ್ನು ಒಂಬತ್ತು ಮೈಲಿಗೂ ಜಾಸ್ತಿ ದೂರ ಸಾಗಿಸಿ ಅಬರ್‌ಕನನ್‌ನ ಕಾಲುವೆಗೆ ತಲುಪಿಸೋಕೆ ಮಾಡಿದ್ದು. ಕಾಲುವೆ ಮರ್ಥರ್‌ವರೆಗೂ ಇತ್ತು, ಆದರೆ ಅದರ ಮೇಲಿನ ಭಾಗದಲ್ಲಿ ದೋಣಿಗಳ ನೂಕುನುಗ್ಗಲು, ಸಾಲದ್ದಕ್ಕೆ ಕಾರ್ಖಾನೆ ಯಜಮಾನರ ನಡುವೆ ಜಗಳ. ಆ ಹಳಿಯ ಮೇಲೆ 1804ರ ಫೆಬ್ರವರಿ 21ರಂದು ರಿಚರ್ಡ್ ಟ್ರೆವಿಥಿಕ್ ಅನ್ನೋ ಎಂಜಿನಿಯರ್ ಕುದುರೆ ಬಿಚ್ಚಿ ಉಗಿಯ ಗಾಡಿ ಕಟ್ಟಿದ. 10 ಟನ್ ಕಬ್ಬಿಣ, 5 ಗಾಡಿ, ಮೇಲೆ 70 ಜನ. ತಲುಪೋಕೆ 4 ಗಂಟೆ 5 ನಿಮಿಷ. ದಾರಿಗೆ ಅಡ್ಡ ಬಂದ ಮರ ಕಡಿಯಬೇಕಾಯಿತು, ಬಂಡೆ ಸರಿಸಬೇಕಾಯಿತು. ಹಳಿ ಮೇಲೆ ಉಗಿಬಂಡಿ ಸರಕು ಎಳೆದ ಮೊದಲ ದಾಖಲೆ ಇದೇ. ಆದರೆ ಅದರ ಭಾರಕ್ಕೆ ಹಳಿಗಳು ಪಟಪಟ ಮುರಿದವು. ಮತ್ತೆ ಕುದುರೆಗೇ ಕೆಲಸ.

ಕಥೆ ಮುಗಿಸಿ ಮುದುಕರು ಕೇಳಿದರು: ನಿಮ್ಮ ಊರಲ್ಲೂ ಇಂಥದ್ದು ಇದೆಯಾ?

ನಾನು ಭದ್ರಾವತಿಯವನು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲೇ ಇದ್ದವರು. ಸರ್ ಎಂ.ವಿ. ಕಾಲದ ಕಾರ್ಖಾನೆ, 1923ರಲ್ಲಿ ಇದ್ದಿಲಿನ ಕುಲುಮೆ ಹೊತ್ತಿಸಿ ಶುರುವಾದದ್ದು. ಇದ್ದಿಲಿಗೆ ಕಾಡಿನ ಸೌದೆ ಬೇಕು, ಕೆಮ್ಮಣ್ಣುಗುಂಡಿಯ ಅದಿರು ಬೇಕು. ಅದನ್ನೆಲ್ಲ ತರೋಕೆ ನಮ್ಮ ಕಾಡಿನಲ್ಲೂ ಟ್ರಾಮ್ ಓಡುತ್ತಿತ್ತು. ಆಚೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಬರೀ ಎರಡಡಿ ಅಗಲದ ಹಳಿಯ ಪುಟ್ಟ ರೈಲು. ಇದೆ ಅನ್ನಲಾ, ಇತ್ತು ಅನ್ನಲಾ? ಇಂಗ್ಲಿಷಿನಲ್ಲಿ ತಡವರಿಸಿ ಇತ್ತು ಅಂದೆ. ಅವರು ಸುಮ್ನೆ ತಲೆಯಾಡಿಸಿದರು. ಅದೇ ಚುಚ್ಚಿದ್ದು.

ಯಾಕಂದ್ರೆ ಹೋದ ಸಲ ರಜೆಗೆ ಬಂದಾಗ ಹುಡುಕೋಕೆ ಹೋಗಿದ್ದೆ. ದೊಡ್ಡಪ್ಪನ ಊರು ಲಕ್ಕವಳ್ಳಿ ಹತ್ತಿರ. ಅಣ್ಣನ ಬೈಕಿನಲ್ಲಿ ಅರ್ಧ ದಿನ ಸುತ್ತಿದೆವು. ಟೀ ಅಂಗಡಿಯಲ್ಲಿ ಒಬ್ಬರು ಇಲ್ಲೇ ಹಾದು ಹೋಗುತ್ತಿತ್ತು ಅಂತ ತೋಟ ತೋರಿಸಿದರು. ಇನ್ನೊಬ್ಬರು ಅಲ್ಲ, ಆ ಕಡೆ ಅಂತ ಜಗಳಕ್ಕೇ ನಿಂತರು. ಎರಡೂ ಕಡೆ ಇದ್ದದ್ದು ಅಡಿಕೆ. ಒಂದು ಕಲ್ಲಿಲ್ಲ, ಬೋರ್ಡಿಲ್ಲ.

ಹಾಗಂತ ನಮಗೆ ಕಲ್ಲು ಕಾಯೋಕೆ ಬರಲ್ಲ ಅಂತಲ್ಲ. ಅಲ್ಲೇ ತರೀಕೆರೆ ಪಕ್ಕದ ಅಮೃತಾಪುರಕ್ಕೆ ಹೋಗಿ ನೋಡಿ. 1196ರ ದೇವಸ್ಥಾನ, ಕಂಬದಲ್ಲಿ ಮುಖ ನೋಡಿಕೊಳ್ಳಬಹುದು. ಸುತ್ತ ಬೇಲಿ, ಹುಲ್ಲುಹಾಸು, ಕಾವಲು. ರಾಜರೋ ದಂಡನಾಯಕರೋ ಕಟ್ಟಿಸಿದ್ದಾದರೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೇವೆ. ಕೂಲಿಯವರು ಹಾಸಿದ್ದಾದರೆ ಗುಜರಿ. ಇಲ್ಲಿಯವರು ಕೂಲಿಯವನು ಕೊರೆದ ತೂತನ್ನೂ ಬಿಟ್ಟುಕೊಟ್ಟಿಲ್ಲ. ಕ್ವೇಕರ್ಸ್ ಯಾರ್ಡ್‌ನ ಎರಡು ಕಲ್ಲಿನ ಸೇತುವೆ ನೋಡಿ ನಾನು ಟ್ರೆವಿಥಿಕ್ ದಾಟಿದ್ದು ಇದೇ ಅಂದುಕೊಂಡಿದ್ದೆ. ಆ ಮುದುಕರೇ ತಿದ್ದಿದರು: ಅವನು ದಾಟಿದ್ದು ಮರದ್ದು, ಅದು 1815ರಲ್ಲಿ ಕುಸಿದ ಮೇಲೆ ಕಲ್ಲಿನದು ಬಂತು. ಇಷ್ಟು ನೆನಪಿಟ್ಟುಕೊಂಡವರು ಮೇಷ್ಟರಲ್ಲ, ಗೈಡೂ ಅಲ್ಲ. ನಾಯಿ ತಿರುಗಾಡಿಸೋಕೆ ಬಂದವರು.

ಇದನ್ನೆಲ್ಲ ಫೋನಿನಲ್ಲಿ ದೊಡ್ಡಪ್ಪನ ಮುಂದೆ ಹೇಳಿಕೊಂಡು ಸ್ವಲ್ಪ ಹಾರಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಕಲ್ಲು ಇದೆ ಸರಿ ಕಣೋ. ಹಳಿ ಎಲ್ಲಿ?"

ಹಳಿ ಇಲ್ಲ. ಒಪ್ಪಿಕೊಳ್ಳಲೇಬೇಕಾಯಿತು. ಅಷ್ಟು ದೂರ ನಡೆದರೂ ಒಂದು ಗೇಣು ಕಬ್ಬಿಣ ಕಾಣಲಿಲ್ಲ. ಟ್ರೆವಿಥಿಕ್‌ನ ಬಂಡಿಯೂ ಉಳಿದಿಲ್ಲ, ಸ್ವಾನ್ಸಿ ಮ್ಯೂಸಿಯಮ್ಮಿನಲ್ಲಿ ಇರೋದು ಈಚೆಗೆ ಮಾಡಿದ ನಕಲು. ಬೆಲೆ ಬರೋದನ್ನೆಲ್ಲ ಇವರೂ ಕಿತ್ತುಕೊಂಡೇ ಹೋಗಿದ್ದಾರೆ. ಯಾರಿಗೂ ಬೇಡವಾದ ಕಲ್ಲು ಉಳಿದಿದೆ, ಅಷ್ಟೆ. ನಮ್ಮ ಕಡೆ ಭದ್ರಾ ಹಿನ್ನೀರು ಊರುಗಳನ್ನೇ ನುಂಗಿದೆ, ಇನ್ನು ಟ್ರಾಮ್ ಲೈನ್ ಯಾವ ಲೆಕ್ಕ? ಆ ನೀರು ಕುಡಿದ ಗದ್ದೆಯ ಅನ್ನ ನಾನೂ ತಿಂದಿದ್ದೇನೆ.

"ನಮ್ಮ ಕೊಟ್ಟಿಗೆ ತೊಲೆ ನೋಡಿಲ್ವೇನೋ?" ಅಂದರು ದೊಡ್ಡಪ್ಪ. "ಟ್ರಾಮಿನ ಹಳೀನೇ ಅದು. ನಿಮ್ಮ ತಾತ ಎತ್ತಿನ ಗಾಡೀಲಿ ತಂದು ಏರಿಸಿದ್ದು."

ಆ ತೊಲೆಗೆ ಹಗ್ಗ ಕಟ್ಟಿ ಉಯ್ಯಾಲೆ ಆಡಿದವನು ನಾನು. ಹುಡುಕೋಕೆ ಹೋದ ದಿನವೂ ಅದರ ಕೆಳಗೇ ಬೈಕ್ ನಿಲ್ಲಿಸಿದ್ದೆವು. ಆವತ್ತೇ ರಾತ್ರಿ ಅಣ್ಣನಿಗೆ ಮೆಸೇಜ್ ಹಾಕಿದೆ: ಟೇಪ್ ಹಿಡಿದು ಉದ್ದ ಎಷ್ಟು ನೋಡಿ, ಅಕ್ಷರ ಗಿಕ್ಷರ ಕೆತ್ತಿದ್ದರೆ ಫೋಟೊ ಕಳಿಸಿ.

ಎರಡು ದಿನ ಬಿಟ್ಟು ಉತ್ತರ ಬಂತು. "ಅಟ್ಟದ ತುಂಬ ಸೌದೆ ಒಟ್ಟಿದೀವಿ. ಮಳೆಗಾಲ ಕಳೀಲಿ ತಡಿ."