ಮೊದಲು ಖಾತೆ, ಆಮೇಲೆ ಕಂಪ್ಯೂಟರು

ದುಡ್ಡು ಕೊಟ್ಟು ತಂದ ಯಂತ್ರವನ್ನು ಬಳಸಲು ಯಾರ ಅಪ್ಪಣೆ ಬೇಕು? ವಿಂಡೋಸ್ 11 ಹೋಮ್ ಇರುವ ಹೊಸ ಲ್ಯಾಪ್‌ಟಾಪನ್ನು ಮೊದಲ ಬಾರಿ ತೆರೆದರೆ ಮೊದಲು ಇಂಟರ್‌ನೆಟ್ ಕೇಳುತ್ತದೆ, ಆಮೇಲೆ ಮೈಕ್ರೋಸಾಫ್ಟ್ ಖಾತೆ. ಈ ಯಂತ್ರಕ್ಕೆ ಮಾತ್ರ ಸೀಮಿತವಾದ ಒಂದು ಹೆಸರು, ಒಂದು ಪಾಸ್‌ವರ್ಡ್ ಸಾಕು ಎನ್ನುವವರಿಗೆ ಪರದೆಯ ಮೇಲೆ ಗುಂಡಿಯೇ ಇಲ್ಲ. ಶಿಫ್ಟ್ ಜೊತೆ ಎಫ್10 ಒತ್ತಿ, ಕಪ್ಪು ಕಿಟಕಿಯಲ್ಲಿ ಆಜ್ಞೆ ಟೈಪ್ ಮಾಡಿ ಖಾತೆಯಿಲ್ಲದೆ ಒಳಹೋಗುವ ಕಳ್ಳದಾರಿಯೊಂದಿತ್ತು. 2025ರಲ್ಲಿ ಪರೀಕ್ಷಾ ಆವೃತ್ತಿಗಳಿಂದ ಅದನ್ನೂ ಕಿತ್ತುಹಾಕತೊಡಗಿದರು.

ಖಾತೆ ಕೊಟ್ಟಿರೋ, ನಿಮ್ಮ ಕಡತಗಳೆಲ್ಲ ಕೂರುವ ಫೋಲ್ಡರಿಗೆ ಇಮೇಲ್ ವಿಳಾಸದ ಮೊದಲ ಐದು ಅಕ್ಷರಗಳೇ ನಾಮಕರಣ! ಡೆಸ್ಕ್‌ಟಾಪಿನಲ್ಲಿಟ್ಟ ಮದುವೆಯ ಫೋಟೋಗಳು ಸದ್ದಿಲ್ಲದೆ ಮೈಕ್ರೋಸಾಫ್ಟಿನ ಇಂಟರ್‌ನೆಟ್ ಉಗ್ರಾಣವಾದ ಒನ್‌ಡ್ರೈವ್‌ಗೆ ಏರುತ್ತವೆ. ಉಚಿತವಾಗಿ ಸಿಗುವ 5 ಜಿಬಿ ತುಂಬಿತೆಂದರೆ ಹೆಚ್ಚು ಜಾಗ ಕೊಳ್ಳಿ ಎಂಬ ಕಾಟ ಶುರು.

ಡಿಸ್ಕಿನ ಮಾಹಿತಿಗೆ ಹಾಕಿದ ಗೂಢಲಿಪಿಯ ಬೀಗ ತೆರೆಯುವ ರಿಕವರಿ ಕೀ ಖಾತೆಯಲ್ಲಿ ಉಳಿಯುವುದು ಆಪತ್ಕಾಲಕ್ಕೆ ಒಳ್ಳೆಯದೇ, ಒಪ್ಪೋಣ. ಆದರೆ ಅಂಗಡಿಯ ಲೆಕ್ಕ ಬರೆದಿಡುವ ಹಿರಿಯರಿಗೆ, ನೆಟ್‌ವರ್ಕೇ ಸಿಗದ ಮಲೆನಾಡಿನ ಮನೆಗೆ ಈ ಉಪಚಾರವೆಲ್ಲ ಏಕೆ? ಎರಡು ಗುಂಡಿಗಳನ್ನು ಅಕ್ಕಪಕ್ಕ ಇಟ್ಟು, ಬೇಕಾದ್ದನ್ನು ಒತ್ತಿ ಎಂದಿದ್ದರೆ ಮೈಕ್ರೋಸಾಫ್ಟಿನವರ ಗಂಟೇನು ಹೋಗುತ್ತಿತ್ತು?