ಗ್ರಾಮಸಭೆಯಲ್ಲಿ ಯಾರೂ ಬೆಂಬಲಿಸದ ಮಾತು

ಗ್ರಾಮಸಭೆಯಿಂದ ಮನೆಗೆ ಬಂದು ಎರಡು ಗಂಟೆಯಾದರೂ ನನ್ನ ಸಿಟ್ಟು ಇಳಿದಿಲ್ಲ. ಆನೆ ಕಂದಕ, ರಸ್ತೆ, ಬೀದಿದೀಪಗಳ ಬಗ್ಗೆ ಗಂಟೆಗಟ್ಟಲೆ ಚರ್ಚೆಯಾಯಿತು. ಮಳೆಗಾಲದಿಂದ ಸೋರುತ್ತಿರುವ ಅಂಗನವಾಡಿಯ ವಿಷಯ ಹೇಳಲು ಕಾರ್ಯಕರ್ತೆ ಎದ್ದು ನಿಂತಾಗ ಮಾತ್ರ, "ಅದು ಇಲಾಖೆಗೆ ಸೇರಿದ್ದು, ಅಲ್ಲಿಗೇ ಅರ್ಜಿ ಕೊಡಿಮ್ಮ" ಎಂದು ಕೂರಿಸಿಬಿಟ್ಟರು. ಅವರ ಪರವಾಗಿ ಒಬ್ಬರೂ ಬಾಯಿ ತೆರೆಯಲಿಲ್ಲ.

ಸಭೆಯಲ್ಲಿ ಮಾತನಾಡಬಲ್ಲ ನಮ್ಮಂಥವರ ಮಕ್ಕಳು ವ್ಯಾನು ಹತ್ತಿ ಪೇಟೆಯ ಕಾನ್ವೆಂಟಿಗೆ ಹೋಗುತ್ತಾರೆ. ಅಂಗನವಾಡಿಗೆ ಬರುವುದು ತೋಟದ ಕಾರ್ಮಿಕರಿರುವ ಲೈನ್ ಮನೆಗಳ, ಆದಿವಾಸಿಗಳ ಹಾಡಿಗಳ ಮಕ್ಕಳು. ಅವರ ತಾಯಂದಿರು ಆ ಹೊತ್ತಿನಲ್ಲಿ ಕಾಫಿ ಕುಯ್ಯುತ್ತಿದ್ದರು.

"ಆನೆ ತುಳಿದರೆ ಜೀವ ಹೋಗುತ್ತದೆ, ಅಂಗನವಾಡಿ ಸೋರಿದರೆ ಏನಾಗುತ್ತದೆ?" ಎಂದರು ಪಕ್ಕದಲ್ಲಿ ಕುಳಿತಿದ್ದ ಹಿರಿಯರು. ಆನೆಯ ಭಯ ನನಗೂ ಇದೆ. ಆದರೆ ಅದೇ ಆನೆ ಓಡಾಡುವ ತೋಟದಲ್ಲಿ, ಕಾಫಿ ಗಿಡದ ಬುಡಕ್ಕೆ ಗೋಣಿತಾಟು ಹಾಸಿ ಕೂಸನ್ನು ಮಲಗಿಸಿ ಕೊಯ್ಲಿಗೆ ಇಳಿಯುವ ತಾಯಂದಿರನ್ನು ಅವರೂ ದಿನವೂ ನೋಡುತ್ತಾರೆ.

50 ಅಥವಾ ಅದಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ನಮ್ಮ ಜಿಲ್ಲೆಯ ಸಣ್ಣ ತೋಟಗಳಿಗೆ ಅದು ತಾಗಲೇ ಇಲ್ಲ. 2002ರ ಸಂವಿಧಾನ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದ್ದು 6ರಿಂದ 14 ವರ್ಷದವರಿಗೆ; ಅದಕ್ಕಿಂತ ಚಿಕ್ಕವರ ಆರೈಕೆ, ಹಕ್ಕೆಂದು ಕೋರ್ಟಿನಲ್ಲಿ ಕೇಳಲಾಗದ ನಿರ್ದೇಶಕ ತತ್ವವಾಗಿಯೇ ಉಳಿಯಿತು. ಆರು ವರ್ಷದೊಳಗಿನ 40 ಮಕ್ಕಳಿರುವ ಜನವಸತಿ ಕೇಳಿದರೆ ಮೂರು ತಿಂಗಳಲ್ಲಿ ಅಂಗನವಾಡಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಆದೇಶಿಸಿತು. ಕೇಳಿದರೆ! ಕೇಳಬೇಕಾದವರು ಯಾರು? ಆ ಮಕ್ಕಳಿಗೆ ಓಟಿಲ್ಲ, ಹೊರರಾಜ್ಯಗಳಿಂದ ಕೂಲಿಗೆ ಬಂದ ಅನೇಕ ತಾಯಂದಿರ ಓಟು ಇಲ್ಲಿಲ್ಲ. ಓಟಿರುವ ನಾವು ಕೇಳದ ಹೊರತು ಯಾವ ಅಭ್ಯರ್ಥಿಯೂ ಇದನ್ನು ತಾನಾಗಿ ನೆನಪಿಸಿಕೊಳ್ಳುವುದಿಲ್ಲ.

ನಾನು ಲೈನ್ ಮನೆಯಲ್ಲಿ ಬೆಳೆದವಳೆಂದು ನಿಮಗೆಲ್ಲ ಗೊತ್ತು. ಅಕ್ಕ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟದ್ದು ನನ್ನನ್ನು ಎತ್ತಿಕೊಳ್ಳಲು ಎಂಬುದನ್ನು ಮಾತ್ರ ಇದುವರೆಗೆ ಬರೆದಿರಲಿಲ್ಲ. ನಾನು ಓದಿದೆ, ಅಕ್ಕ ಇವತ್ತಿಗೂ ತನ್ನ ಹೆಸರನ್ನು ತಡೆತಡೆದು ಬರೆಯುತ್ತಾಳೆ. ಅಂಥ ನಾನೂ ಇಂದಿನ ಸಭೆಯಲ್ಲಿ ಸುಮ್ಮನೆ ಕುಳಿತಿದ್ದೆ.

ಭಾನುವಾರ ತೋಟಕ್ಕೆ ರಜೆ. ಕಾರ್ಯಕರ್ತೆಯ ಜೊತೆ ಲೈನ್ ಮನೆಗಳಿಗೆ ಹೋಗಿ ಆರು ವರ್ಷದೊಳಗಿನ ಮಕ್ಕಳ ಪಟ್ಟಿ ಮಾಡಿ, ತಾಯಂದಿರ ಸಹಿಯೊಡನೆ ಪಂಚಾಯಿತಿಗೂ ಶಾಸಕರಿಗೂ ಕೊಡಲಿದ್ದೇನೆ. ಬರುವವರು ಸಂತೆಗೆ ಹೊರಡುವ ಮುಂಚೆ, ಎಂಟು ಗಂಟೆಗೆ ಅಂಗನವಾಡಿಯ ಹತ್ತಿರ ಬನ್ನಿ.