ಮುಚ್ಚಿದ ಕಾರ್ಖಾನೆಗೆ 40 ವರ್ಷದ ಕಾಡು

ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್, ಅಂದರೆ ನಮ್ಮ ಎಂಪಿಎಂ, ಶುರುವಾಗಿದ್ದು 1936ರಲ್ಲಿ, ನಾಲ್ವಡಿಯವರ ಕಾಲದಲ್ಲಿ. ಯಂತ್ರಗಳು ನಿಂತಿದ್ದು 2015ರ ಕೊನೆಗೆ. ಆಮೇಲೆ ಅಲ್ಲಿಂದ ಒಂದು ಹಾಳೆ ಕಾಗದವೂ ಹೊರಬರಲಿಲ್ಲ. ಈ ಕಾರ್ಖಾನೆಗೆ ಮರ ಬೆಳೆದುಕೊಳ್ಳಲಿ ಅಂತ ಮಲೆನಾಡಿನ ಸುಮಾರು 20 ಸಾವಿರ ಹೆಕ್ಟೇರ್ ಅರಣ್ಯಭೂಮಿಯನ್ನು 1980ರಲ್ಲಿ 40 ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದರು. 2020ಕ್ಕೆ ಅವಧಿ ಮುಗಿಯಿತು. ಕಾರ್ಖಾನೆಯೂ ಇಲ್ಲ, ಗುತ್ತಿಗೆಯೂ ಮುಗಿದಿದೆ, ಇನ್ನು ಕಾಡು ಕಾಡಿಗೇ ವಾಪಸ್ ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಸರ್ಕಾರ ಹಾಗೆ ಅಂದುಕೊಳ್ಳಲಿಲ್ಲ. ಇನ್ನೂ 40 ವರ್ಷಕ್ಕೆ ಗುತ್ತಿಗೆ ಮುಂದುವರಿಸಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರಲ್ಲ, ಇಲ್ಲಿ ಅಜ್ಜ ತೀರಿಕೊಂಡ ಮೇಲೆ ಹೊಸ ಪಂಚೆ, ಅದೂ 2060ರವರೆಗೆ ಬಾಳಿಕೆ ಬರುವಂಥದ್ದು.

ಆ ಆದೇಶದ ಫೈಲಿಗೆ ಬೇಕಾದ ಕಾಗದವನ್ನು ಎಲ್ಲಿಂದ ತರಿಸಿದರೋ, ಎಂಪಿಎಂನಿಂದಂತೂ ಅಲ್ಲ.

ಇದೇ ಸರ್ಕಾರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ ಬಡ ರೈತನನ್ನು ಏನು ಕೇಳುತ್ತೆ ನೋಡಿ. ನೀನು ಬುಡಕಟ್ಟಿನವನಲ್ಲದಿದ್ದರೆ ಮೂರು ತಲೆಮಾರು, ಅಂದರೆ 75 ವರ್ಷ, ಇಲ್ಲೇ ಇದ್ದೆ ಅಂತ ದಾಖಲೆ ತಾ. ಅದೂ 2005ಕ್ಕಿಂತ ಹಿಂದಿನ 75 ವರ್ಷ. 1930ರಲ್ಲಿ ಅಜ್ಜ ಯಾವ ಹಳ್ಳದ ಪಕ್ಕ ಗುಡಿಸಲು ಹಾಕಿದ್ದ ಅಂತ ಮೊಮ್ಮಗ ತೋರಿಸಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ, ನಾಡಿಗೆಲ್ಲ ಕರೆಂಟು ಕೊಡುತ್ತೇವೆ ಅಂತ ಎಬ್ಬಿಸಿ ಕಾಡಿನಲ್ಲಿ ಬಿಟ್ಟು ಬಂದ ಶರಾವತಿ ಸಂತ್ರಸ್ತರ ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಕಚೇರಿ ಕಚೇರಿ ಅಲೆಯುತ್ತಿದ್ದಾರೆ. ಅವರದ್ದು ಒತ್ತುವರಿ. ಉಸಿರು ನಿಂತ ಕಾರ್ಖಾನೆಯದ್ದು ಗುತ್ತಿಗೆ.

ಕಾಡು ಅಂದೆನಲ್ಲ, ಒಳಗೆ ಹೋಗಿ ನೋಡಿ. ಅಕೇಶಿಯಾ, ಅಕೇಶಿಯಾ, ಮತ್ತೂ ಅಕೇಶಿಯಾ. ಮಧ್ಯೆ ಒಂದಿಷ್ಟು ನೀಲಗಿರಿ, ಬದಲಾವಣೆಗೆ. ನೆಲದ ಮೇಲೆ ಬಾಗಿದ ಒಣ ಎಲೆಗಳು ದಪ್ಪಗೆ ಬಿದ್ದಿರುತ್ತವೆ, ಕಾಲಿಟ್ಟರೆ ಚರಚರ ಅನ್ನುತ್ತವೆ, ಇಳಿಜಾರಿನಲ್ಲಿ ಜಾರುತ್ತವೆ. ಕೊಟ್ಟಿಗೆಗೆ ಹಾಸೋಣ ಅಂದರೆ ಬೇಗ ಕೊಳೆತು ಗೊಬ್ಬರವೂ ಆಗುವುದಿಲ್ಲ. ದನಕ್ಕೆ ಮೇವಿಲ್ಲ, ಮಂಗಕ್ಕೆ ಒಂದು ಹಣ್ಣಿಲ್ಲ. ಆದರೂ ಲೆಕ್ಕದಲ್ಲಿ ಇದು ಕಾಡೇ! ನಮ್ಮ ದೇಶದ ಅರಣ್ಯ ಸಮೀಕ್ಷೆಯಲ್ಲಿ ಒಂದು ಹೆಕ್ಟೇರಿಗಿಂತ ಜಾಸ್ತಿ ಜಾಗದಲ್ಲಿ ಶೇಕಡ 10ರಷ್ಟು ಮರದ ನೆರಳಿದ್ದರೆ ಸಾಕು, ಯಾವ ಮರ, ಯಾರ ಜಾಗ ಅಂತ ಕೇಳುವುದಿಲ್ಲ, ಅದು ಅರಣ್ಯ ಹೊದಿಕೆ. ಮೇಲಿಂದ ಉಪಗ್ರಹ ನೋಡುತ್ತೆ, ಹಸಿರು ಕಾಣುತ್ತೆ, ಕೆಳಗೆ ಸಚಿವರು ಖುಷಿಯಾಗುತ್ತಾರೆ.

ಉಪಗ್ರಹಕ್ಕೆ ಮೋಸ ಮಾಡಬಹುದು, ಮಂಗಕ್ಕೆ ಆಗಲ್ಲ. ಅಕೇಶಿಯಾ ಕಾಡಲ್ಲ ಅಂತ ಅದಕ್ಕೆ ಯಾವ ಸಮಿತಿಯೂ ವರದಿ ಕೊಡಬೇಕಾಗಿಲ್ಲ. ಸೀದಾ ಅಡಿಕೆ ತೋಟಕ್ಕೆ ಇಳಿಯುತ್ತೆ, ಎಳೆ ಕಾಯಿ ಕಿತ್ತು ಚೀಪಿ ಬಿಸಾಡುತ್ತೆ, ಬಾಳೆಗೊನೆಗೆ ಕಟ್ಟಿದ ಚೀಲವನ್ನೂ ಬಿಚ್ಚಿ ನೋಡುತ್ತೆ. ರೈತರು ಬೊಬ್ಬೆ ಹೊಡೆದರು, ಪಟಾಕಿ ಹೊಡೆದರು, ಕೊನೆಗೆ ಸರ್ಕಾರಕ್ಕೆ ಹೇಳಿದರು. ಸರ್ಕಾರ ಹೊಸನಗರ ತಾಲೂಕಿನಲ್ಲಿ ಮಂಗಗಳ ಪಾರ್ಕ್ ಮಾಡುವ ಮಾತಾಡಿತು. ಮಂಗ ತಿನ್ನುವ ಹಣ್ಣಿನ ಮರ ಕಡಿದು ಪೇಪರ್ ಮರ ನೆಡುವುದು, ಪೇಪರ್ ಮಾಡುವುದನ್ನು ನಿಲ್ಲಿಸುವುದು, ಮರವನ್ನು ಹಾಗೇ ಇಟ್ಟುಕೊಳ್ಳುವುದು, ಹಸಿದ ಮಂಗನಿಗೆ ಬೇರೆ ಕಡೆ ಪಾರ್ಕ್ ಹುಡುಕುವುದು. ಇಷ್ಟು ಉದ್ದದ ಯೋಜನೆ ಪಂಚವಾರ್ಷಿಕದಲ್ಲೂ ಇರಲಿಲ್ಲ.

'ನಮ್ಮೂರಿಗೆ ಅಕೇಶಿಯಾ ಬೇಡ' ಅಂತ ಮಲೆನಾಡಿನ ಜನ ಹೋರಾಟ ಮಾಡಿದರು, ಮನವಿ ಕೊಟ್ಟರು. ನನ್ನ ಸಲಹೆ ಬೇರೆ. ಮನವಿ ಬಿಡಿ, ಮಂಗಗಳ ಹೆಸರಿನಲ್ಲಿ ಗುತ್ತಿಗೆಗೇ ಒಂದು ಅರ್ಜಿ ಹಾಕಿ. ಕಾಗದ ಮಾಡುವುದಿಲ್ಲ ಎಂಬ ಅರ್ಹತೆ ಅವಕ್ಕೂ ಇದೆ, ಅದೂ 2015ರಿಂದಲ್ಲ, ಹುಟ್ಟಿದಾಗಿನಿಂದ. 75 ವರ್ಷದ ದಾಖಲೆ ಕೇಳಿದರೆ ಮಾತ್ರ ಸ್ವಲ್ಪ ಕಷ್ಟ.